ಬಿಟ್ಟಿ ಪೆಟ್ಟಿಗೆ ಯಾರದು?



ಮನೆ ಬದಲಾಯಿಸುವವನಿಗೆ ಮೊದಲು ಬೇಕಾಗುವುದು ರಟ್ಟಿನ ಪೆಟ್ಟಿಗೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಕೋಣೆ ಹಿಡಿಯುವ ನಮ್ಮಂಥವರಿಗೆ ಇದು ವರ್ಷ ವರ್ಷದ ಗೋಳು. ಮುಂಗಡ, ದಲ್ಲಾಳಿಯ ಹಣ, ಟೆಂಪೋ ಬಾಡಿಗೆ ಇಷ್ಟನ್ನೂ ತೆತ್ತ ಮೇಲೆ ಪೆಟ್ಟಿಗೆಗೆಂದು ಕೈಯಲ್ಲಿ ಏನು ಉಳಿದೀತು? ಆದುದರಿಂದ ಅಂಗಡಿ ಅಂಗಡಿ ಅಲೆದು ಬಿಟ್ಟಿ ಪೆಟ್ಟಿಗೆ ಹುಡುಕುತ್ತೇವೆ. ಸಂಘದ ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡ ಸಂಗತಿಯೇ ಇದು ಎಂದು ಕೆಲವರು ನಕ್ಕಾರು. ನಗಲಿ. ನಾನು ಮಾತ್ರ ಸಂಘಟನೆಯ ಮೊದಲ ಪಾಠವನ್ನು ಕಲಿತದ್ದು ಖಾಲಿ ಪೆಟ್ಟಿಗೆಯಿಂದಲೇ.

ಆಗ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಸಣ್ಣ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದೆ. ಆ ದ್ವೀಪ ತಾನಾಗಿ ಹುಟ್ಟಿದ್ದಲ್ಲ. ದೊಡ್ಡ ಹಡಗುಗಳು ಒಳಗೆ ಬರಲೆಂದು ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರ ಉಸ್ತುವಾರಿಯಲ್ಲಿ ಹಿನ್ನೀರಿನ ತಳವನ್ನು ತೋಡಿ, ಮೇಲೆತ್ತಿದ ಕೆಸರನ್ನೇ ಸುರಿದು ಕಟ್ಟಿದ ನೆಲ ಅದು. ಅಲ್ಲಿ 1947ರಲ್ಲಿ ಚಹಾದ ಹರಾಜು ಆರಂಭವಾಯಿತು. ಹಿಂದೆ ಚಹಾ ಬರುತ್ತಿದ್ದುದು ಪ್ಲೈವುಡ್ ಪೆಟ್ಟಿಗೆಗಳಲ್ಲಿ. ಖಾಲಿಯಾದ ಮೇಲೆ ಮನೆ ಬದಲಾಯಿಸುವವರು ಅದರಲ್ಲಿಯೇ ಪಾತ್ರೆ ಪಗಡ ತುಂಬುತ್ತಿದ್ದರೆಂದು ಹಳಬರು ಹೇಳುತ್ತಿದ್ದರು. ನಮ್ಮ ಕಾಲಕ್ಕೆ ಚಹಾ ಕಾಗದದ ಚೀಲ ಸೇರಿತ್ತು. ನಮಗೆ ಉಳಿದದ್ದು ರಟ್ಟು.

2011ರ ಫೆಬ್ರವರಿಯಲ್ಲಿ ವಲ್ಲಾರ್ಪಾಡಂನಲ್ಲಿ ಹೊಸ ಕಂಟೇನರ್ ನಿಲ್ದಾಣ ತೆರೆಯಿತು. ದ್ವೀಪದ ಕಂಟೇನರ್ ಕೆಲಸ ಅತ್ತ ಹೋಯಿತು. ಲಾರಿಯವರು ಬರುವುದು ಕಡಿಮೆಯಾಯಿತು, ನಮ್ಮ ಗಲ್ಲಾ ಬರಿದಾಯಿತು. ಮಳೆ ಹಿಡಿಯುವ ಹೊತ್ತಿಗೆ ಯಜಮಾನರು ಹೋಟೆಲಿಗೆ ಬೀಗ ಹಾಕಿದರು. ಅಡಿಗೆಯ ಭಟ್ಟರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎರ್ನಾಕುಳಂ ಕಡೆಗೆ ಕೋಣೆ ಬದಲಾಯಿಸಬೇಕಾಯಿತು.

ಪೆಟ್ಟಿಗೆ ಹುಡುಕಲು ನಾನೂ ಭಟ್ಟರೂ ಬೋಟಿನಲ್ಲಿ ಎರ್ನಾಕುಳಂ ಪೇಟೆಗೆ ಹೋದೆವು. ಎರಡು ಅಂಗಡಿಯವರು ಇಲ್ಲವೆಂದರು. ಮೂರನೆಯ ಅಂಗಡಿಯ ಹಿಂದೆ, ಸೂರಿನ ಕೆಳಗೆ, ಚಪ್ಪಟೆ ಮಾಡಿ ಒಟ್ಟಿದ ರಟ್ಟಿನ ರಾಶಿ ಕಂಡಿತು. ಯಾರೂ ಇರಲಿಲ್ಲ. ಎತ್ತಿಕೊಂಡೆವು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ನೆನೆಯುತ್ತಾ ಓಡಿ ಬಂದರು. ಬೈಯಲಿಲ್ಲ. “ಮಗನೇ, ಅದು ನಾನು ಬೆಳಗಿನಿಂದ ಆಯ್ದದ್ದು” ಎಂದರು, ಅಷ್ಟೆ.

ಭಟ್ಟರು ಹೊರೆ ಇಳಿಸಿ ಕೈ ಮುಗಿದರು. ಗುಜರಿಯವನು ಎಷ್ಟು ಕೊಡುತ್ತಾನೆಂದು ಕೇಳಿ, ಅದರ ಮೇಲೆ ಸ್ವಲ್ಪ ಸೇರಿಸಿ ಕೊಟ್ಟರು. ಆಗ ಆ ತಾಯಿ ತಾವೇ ಕುಳಿತು ಪೆಟ್ಟಿಗೆ ಆರಿಸಿಕೊಟ್ಟರು. ಮೂಲೆ ಒತ್ತಿ ನೋಡು, ಮೆತ್ತಗಿದ್ದರೆ ನೀರು ಕುಡಿದಿದೆ, ಭಾರ ತಾಳದು. ಸಾಬೂನಿನ ಪೆಟ್ಟಿಗೆಯಲ್ಲಿ ಅಕ್ಕಿ ಬೇಳೆ ಇಡಬೇಡ, ವಾಸನೆ ಹಿಡಿಯುತ್ತದೆ. ಬಾಟಲಿಯ ಪೆಟ್ಟಿಗೆಗೆ ಒಳಗೆ ಅಡ್ಡಗೋಡೆ ಇರುತ್ತದೆ, ಲೋಟಕ್ಕೆ ಅದೇ ಸರಿ. ಭಾರದ ಸಾಮಾನಿಗೆ ಸಣ್ಣದು, ಬಟ್ಟೆಬರೆಗೆ ದೊಡ್ಡದು. ಮಡಿಕೆಯ ಸಂದಿಯಲ್ಲಿ ಜಿರಳೆಯ ಮೊಟ್ಟೆ ಇದೆಯೋ ನೋಡು. ಇಷ್ಟು ವಿದ್ಯೆ ನಮಗೆ ಯಾವ ಅಂಗಡಿಯವನೂ ಕಲಿಸುತ್ತಿರಲಿಲ್ಲ.

ಬಾಂಧವರೇ, ‘ಬಿಟ್ಟಿ’ ಎಂಬ ನಮ್ಮ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ದುಡ್ಡಿಲ್ಲದೆ ಸಿಕ್ಕಿದ್ದಕ್ಕೂ ಬಿಟ್ಟಿ ಎನ್ನುತ್ತೇವೆ, ಕೂಲಿಯಿಲ್ಲದೆ ದುಡಿಸಿಕೊಂಡದ್ದಕ್ಕೂ ಬಿಟ್ಟಿ ಎನ್ನುತ್ತೇವೆ. ನಮ್ಮ ಅಜ್ಜಂದಿರು ಧಣಿಗಳ ಮನೆಯಲ್ಲಿ ಮಾಡಿದ್ದು ಬಿಟ್ಟಿ ಚಾಕರಿ. ಒಬ್ಬನಿಗೆ ಬಿಟ್ಟಿಯಾಗಿ ಸಿಕ್ಕಿತೆಂದರೆ ಇನ್ನೊಬ್ಬನು ಬಿಟ್ಟಿ ದುಡಿದಿರಬಹುದು. ಎಸೆದ ರಟ್ಟನ್ನು ಆಯ್ದು, ಬಿಡಿಸಿ, ಒಣಗಿಸಿ, ಕಟ್ಟು ಕಟ್ಟಿದವರ ಶ್ರಮವೂ ಕೂಲಿಗೆ ಸಲ್ಲತಕ್ಕದ್ದು. ಊರಲ್ಲಿ ಗುಜರಿ, ಕೊಚ್ಚಿಯಲ್ಲಿ ಆಕ್ರಿ, ಮುಂಬಯಿಯಲ್ಲಿ ಭಂಗಾರ್ ಎನ್ನಿ, ಕೆಲಸ ಒಂದೇ.

ಅದೇ ಪೇಟೆಯಲ್ಲಿ ಮೂಟೆ ಹೊರುವವರಿಗೆ ಸಂಘವಿತ್ತು. ಅವರ ಹೋರಾಟದ ಬಲದಿಂದ 1978ರ ಕೇರಳ ತಲೆಹೊರೆ ಕಾರ್ಮಿಕರ ಕಾಯಿದೆ ಬಂದಿತ್ತು. ಆ ತಾಯಿಯ ಬೆನ್ನಿಗೆ ಅಂಥದ್ದೇನೂ ಇರಲಿಲ್ಲ. ಇದು ಆಗದ ಮಾತಲ್ಲ. ಪುಣೆಯಲ್ಲಿ 1993ರಲ್ಲಿ ಕಸ ಆಯುವವರು ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಅವರು ಮಾಡಿ ತೋರಿಸಿದ್ದಾರೆ.

ಹಾಗಾದರೆ ಕಷ್ಟದಲ್ಲಿರುವ ಕಾರ್ಮಿಕ ಪೆಟ್ಟಿಗೆ ಕೇಳಲೇಬಾರದೇ? ಕೇಳಬೇಕು, ಕೇಳುವ ರೀತಿಯಲ್ಲಿ ಕೇಳಬೇಕು. ಬೆಳಿಗ್ಗೆ ಮಾಲು ಇಳಿಸುವ ಹೊತ್ತಿಗೆ ಹೋಗಿ, ಆಳಿನ ಬಳಿ ವಿಚಾರಿಸಿ. ಅನೇಕ ಕಡೆ ಖಾಲಿ ಪೆಟ್ಟಿಗೆ ಮಾರಿದ ಕಾಸು ಅವನ ಚಹಾ ಖರ್ಚು. ಆಯ್ದು ಕಟ್ಟಿಟ್ಟದ್ದನ್ನು ದುಡ್ಡು ಕೊಟ್ಟೇ ಒಯ್ಯಿರಿ. ನೂಲಿನ ಕೋನು ತುಂಬುವ ಗಟ್ಟಿ ಪೆಟ್ಟಿಗೆ ಗಿರಣಿಯವರಿಗೆ ಗೊತ್ತು. ಆದರೆ ಗೇಟ್ ಪಾಸ್ ಇಲ್ಲದೆ ಒಂದನ್ನೂ ಹೊರತರಬೇಡಿ. ಕೆಲಸದಿಂದ ತೆಗೆಯಲು ಕಾಯುತ್ತಿರುವವನಿಗೆ ಖಾಲಿ ಪೆಟ್ಟಿಗೆಯೂ ಸಾಕಷ್ಟು ದೊಡ್ಡ ಕಳ್ಳತನ.

ಇದಕ್ಕಿಂತ ಮೇಲಾದ ದಾರಿಯೊಂದಿದೆ. ಸಂಘದ ಕಛೇರಿಯ ಒಂದು ಮೂಲೆಯನ್ನು ಪೆಟ್ಟಿಗೆಗೆ ಬಿಟ್ಟುಕೊಡೋಣ. ಮನೆ ಬದಲಾಯಿಸಿದವರು ಸಾಮಾನು ಇಳಿಸಿದ ವಾರದೊಳಗೆ ಪೆಟ್ಟಿಗೆಗಳನ್ನು ಹರಿಯದಂತೆ ಬಿಚ್ಚಿ, ಚಪ್ಪಟೆ ಮಾಡಿ, ಸುತಲಿಯಿಂದ ಕಟ್ಟಿ ತಂದಿಡಲಿ. ಒಂದು ಪುಸ್ತಕದಲ್ಲಿ ಒಯ್ದವರ, ತಂದವರ ಹೆಸರು ಬರೆದರೆ ಸಾಕು. ನೆಲದ ಮೇಲಿಡದೆ ಹಲಗೆಯ ಮೇಲಿಟ್ಟರೆ ಮಳೆಗಾಲದಲ್ಲೂ ಕೆಡುವುದಿಲ್ಲ. ಒಂದೇ ಪೆಟ್ಟಿಗೆ ಮೂರು ನಾಲ್ಕು ಸಂಸಾರಗಳನ್ನು ಸಾಗಿಸುತ್ತದೆ. ಸೋತ ಮೇಲೆ ಅದನ್ನು ನಮ್ಮ ಬೀದಿಯಲ್ಲಿ ರಟ್ಟು ಆಯುವವರ ಕೈಗೇ ಕೊಡೋಣ. ಅದರ ಕಾಸು ಅವರಿಗೆ ಸೇರಲಿ.

ಭಟ್ಟರ ಪೆಟ್ಟಿಗೆಗಳಲ್ಲಿ ಎರಡು ನನ್ನ ಬಳಿ ಬಂದವು. ಕೊಚ್ಚಿ ಬಿಟ್ಟು ಬರುವಾಗ ನನ್ನ ಬಟ್ಟೆಬರೆ ತುಂಬಿದ್ದು ಅವುಗಳಲ್ಲಿಯೇ. ನಿಮ್ಮ ಮಂಚದ ಕೆಳಗೂ ಅಂಥ ಒಂದೆರಡು ಇದ್ದೇ ಇರುತ್ತವೆ. ಮುಂದಿನ ಸಭೆಗೆ ಬರುವಾಗ ಅವನ್ನು ತನ್ನಿ. ಮೂಲೆ ತುಂಬಲಿ.