‘ಗೋ9-014’ ನೋಡಿ ನಕ್ಕವರಿಗೆ

(1/5)
ನಿನ್ನೆ ನಮ್ಮ ಅಂಗಡಿ ಸೀರೆಗೆ ಕಟ್ಟಿದ ಚೀಟಿ ಫೋಟೋ ಸ್ಟೋರಿಗೆ ಹಾಕಿದ್ದೆ. ಮ್ಯಾಲೆ ‘ಗೋ9-014’ ಅಂತ ಅವ್ವನ ಕೈಬರಹ. ಕ್ಲಾಸಿನ ಅರ್ಧ ಮಂದಿ ನಕ್ಕರು. “ಇದೇನಲೇ, ಆಕಳ ಕಿವಿಗೆ ಹಾಕೋ ನಂಬರೇನು?” ಅಂದ ಒಬ್ಬ. “ಪ್ರೊಫೆಷನಲ್ ಆಗಿ ಇಂಗ್ಲಿಷಿನ್ಯಾಗ ಹಾಕು” ಅಂದ್ಲು ಇನ್ನೊಬ್ಬಾಕಿ. ನಗ್ರಿ, ಅಡ್ಡಿಯಿಲ್ಲ. ಆದ್ರ ಪೂರ್ತಿ ಓದಿ ಆಮೇಲೆ ನಗ್ರಿ.

(2/5)
ಹೋದ ವರ್ಷ ನಾನೂ ನಿಮ್ಮಂಗ ಪ್ರೊಫೆಷನಲ್ ಇದ್ದೆ. ನೆಟ್‌ನ್ಯಾಗ ಸಿಕ್ಕ ಒಂದು ರೆಡಿ ಶೀಟ್ ಇಳಿಸ್ಕೊಂಡು ಇಡೀ ಅಂಗಡಿಗೆ ಇಂಗ್ಲಿಷ್ ಕೋಡ್ ಬರೆದೆ. ಇಳಕಲ್ ಸೀರೆಯ ದಡಿ ಹೆಸರು ನಿಮಗೆ ಗೊತ್ತಲ್ಲ: ಗೋಮಿ, ಗಾಡಿ, ಗಾಯತ್ರಿ, ಪರಾಸಪೇಟ. ಇಂಗ್ಲಿಷಿನ ಮೊದಲ ಅಕ್ಷರ ಹಿಡಿದ್ರ ಮೂರಕ್ಕೂ ‘ಜಿ’. ಹಂಗಾಗಿ ಜಿ1, ಜಿ2, ಜಿ3. ಯಾವುದು ಯಾವುದಂತ ನನ್ನ ತಲ್ಯಾಗ ಮಾತ್ರ ಇತ್ತು.

ಪರೀಕ್ಷೆಗೆ ಅಂತ ನಾನು ಊರಾಗ ಇಲ್ಲದ ದಿನ ಸೊಲ್ಲಾಪುರದಿಂದ ಫೋನ್ ಬಂತು. ಮೊಮ್ಮಗಳ ಕುಬಸಕ್ಕ ಉಡಾಕ ಆಯಿಗೆ ಒಂಬತ್ತು ವಾರದ ಗೋಮಿ ದಡಿ ಸೀರೆ ಬೇಕಂತ. ಅಪ್ಪ ಲಿಸ್ಟ್ ನೋಡಿ ‘ಜಿ2’ ಕಟ್ಟಿ ಕಳಿಸಿದ. ಕುಬಸದ ದಿನ ಮುಂಜಾನೆ ಬಿಚ್ಚಿದ್ರ ಆರು ವಾರದ ಗಾಯತ್ರಿ! ಜೀವನಪೂರ್ತಿ ಕಚ್ಚಿ ಹಾಕಿ ಉಟ್ಟ ಆಯಿ ಆರು ವಾರ ತಗೊಂಡು ಏನು ಮಾಡ್ಬೇಕು?

ಸೀರೆ ತಿರುಗಿ ಬಂತು, ರೊಕ್ಕ ವಾಪಸ್ ಕೊಟ್ವಿ. ಅದಲ್ಲ ನನಗೆ ಚುಚ್ಚಿದ್ದು. ಕರೆಂಟ್ ಹೋದಾಗ ಬರೇ ಬೆರಳಾಡಿಸಿ ಇದು ಯಾವ ದಡಿ ಅಂತ ಹೇಳೋ ನಮ್ಮವ್ವ ಅವತ್ತು ಅಂಗಡ್ಯಾಗೇ ಇದ್ಲು. “ನನಗ ಯಾರೂ ಕೇಳಲಿಲ್ಲ. ನೀ ಬರೆದದ್ದು ನನಗ ಓದಾಕ ಬರಂಗಿಲ್ಲ” ಅಂದ್ಲು. ಇಪ್ಪತ್ತು ವರ್ಷದಿಂದ ಅಂಗಡಿ ನಡೆಸಿದಾಕಿನ್ನ ನನ್ನ ಒಂದು ಶೀಟ್ ಹೊರಗ ನಿಲ್ಲಿಸಿತ್ತು.

(3/5)
ಈಗ ಜಗಳಕ್ಕ ಬರ್ರಿ. ಕೋಡ್ ಯಾರಿಗಾಗಿ? ಕಪಾಟಿನಿಂದ ಸೀರೆ ತೆಗೆಯೋ ಕೈಗಾಗಿ. ಆ ಕೈಗೆ ಓದಾಕ ಬರದಿದ್ರ ಅದು ಕೋಡ್ ಅಲ್ಲ, ನಿಮ್ಮ ಗತ್ತು ಅಷ್ಟೇ.

‘ಗೋ9-014’ ಅಂದ್ರ ಗೋಮಿ ದಡಿ, ಒಂಬತ್ತು ವಾರ, ಹದಿನಾಲ್ಕನೇ ನಮೂನೆ. ಗಾಯತ್ರಿಗೆ ‘ಗಾ’, ಪರಾಸಪೇಟಕ್ಕ ‘ಪ’. ಗಾಡಿಗೂ ‘ಗಾ’ ಬರ್ತದಲ್ಲ ಅಂತ ನಾನು ತಡವರಿಸಿದಾಗ, “ಅದಕ್ಕ ಡಿ ಅನ್ನು” ಅಂತ ಒಂದೇ ಮಾತಿನ್ಯಾಗ ಮುಗಿಸಿದಾಕಿ ಅವ್ವ.

ಕೋಡಿನೊಳಗ ಏನು ಬರಬಾರದು ಅನ್ನೋದೇ ದೊಡ್ಡ ಮಾತು. ರೇಟು ಬ್ಯಾಡ, ಅದು ದೀಪಾವಳಿಗೊಂದು, ಬನಶಂಕರಿ ಜಾತ್ರಿಗೊಂದು. ಕಪಾಟಿನ ನಂಬರ್ ಬ್ಯಾಡ, ಸುಣ್ಣ ಹಚ್ಚುವಾಗ ಎಲ್ಲಾ ಅದಲು ಬದಲು. ಬಣ್ಣವೂ ಬ್ಯಾಡ ಅಂತೀನಿ ನಾನು, ಯಾಕಂದ್ರ ಅವ್ವನ ದಾಳಿಂಬಿ ಅಪ್ಪನಿಗೆ ಬರೇ ಕೆಂಪು, ನನಗೆ ಮರೂನ್. ಬಣ್ಣ ವಹಿಯ ಕಾಲಮ್ಮಿನ್ಯಾಗ ಇರಲಿ, ಅಲ್ಲಿ ಜಗಳಾಡಿದ್ರೂ ಚೀಟಿ ಹರಿಯಂಗಿಲ್ಲ.

ನಮ್ಮ ಗಾಡಿ ನಂಬರ್ ಪ್ಲೇಟ್ ನೋಡ್ರಿ. ಬಾಗಲಕೋಟಿಗೆ ಕೆಎ 29, ಪಕ್ಕದ ಜಿಲ್ಲೆಗೆ ಕೆಎ 28. 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು, 28 ಮಾತ್ರ 28 ಆಗೇ ಉಳೀತು. ಊರಿನ ಹೆಸರನ್ನ ನಂಬರಿನೊಳಗ ತುರುಕಿದ್ದಿಲ್ಲ, ಅದಕ್ಕ ಬಚಾವ್. ಹಂಗೇ ಮಾಲು ಖಾಲಿಯಾದ್ರೂ 014 ಅನ್ನೋದನ್ನ ಬ್ಯಾರೆ ನಮೂನೆಗೆ ಕೊಡಬ್ಯಾಡ್ರಿ. ಎರಡು ತಿಂಗಳು ಬಿಟ್ಟು ಹಳೇ 014 ವಾಪಸ್ ಬಂದ್ರ ವಹಿಯೊಳಗ ಯಾವುದರ ಮುಂದ ಬರೀತೀರಿ?

(4/5)
“ಎಕ್ಸೆಲ್‌ನ್ಯಾಗ ಕನ್ನಡ ಕೈಕೊಡ್ತದ” ಅಂತೀರಿ. ಉಲ್ಟಾ! ಬರೇ 014 ಹೊಡೀರಿ, ಸೊನ್ನೆ ನುಂಗಿ 14 ಮಾಡ್ತದ. 9-12 ಹೊಡೀರಿ, ತಾರೀಖು ಮಾಡಿ ಕೂರಿಸ್ತದ. ಮುಂದೊಂದು ‘ಗೋ’ ಇದ್ರ ಹಂಗ ಮುಟ್ಟಂಗಿಲ್ಲ.

“ಎಚ್‌ಎಸ್‌ಎನ್ ನಂಬರ್ ಇದೆಯಲ್ಲ” ಅಂತೀರಿ. ಅದು ಜಿಎಸ್‌ಟಿ ಲೆಕ್ಕಕ್ಕ. ಹತ್ತಿ ಬಟ್ಟೆಗೆಲ್ಲ 52ನೇ ಅಧ್ಯಾಯ. ಅದಕ್ಕ ಗೋಮಿ, ಗಾಯತ್ರಿ ಎರಡೂ ಒಂದೇ.

“ಬಾರ್‌ಕೋಡ್?” ಗೆರೆ ಬಾರ್‌ಕೋಡ್‌ನೊಳಗ ಕನ್ನಡ ಹಿಡಿಯಂಗಿಲ್ಲ, ಒಪ್ಪಿದೆ. ಕ್ಯೂಆರ್‌ನ್ಯಾಗ ಹಿಡೀತದ. ಇಷ್ಟಕ್ಕೂ ಅಂಗಡಿ ಮಾಲಿನ ಬಾರ್‌ಕೋಡ್ ಮೊದಲು ಸ್ಕ್ಯಾನ್ ಆಗಿದ್ದು 1974ರಾಗ, ಅಮೆರಿಕದ ಓಹಾಯೋದಾಗ, ಒಂದು ಚ್ಯೂಯಿಂಗ್ ಗಮ್ ಪ್ಯಾಕಿನ ಮ್ಯಾಲೆ. ಸಾವಿರ ಪ್ಯಾಕೂ ಒಂದೇ ನಮೂನಿ. ಮಗ್ಗದ ಸೀರೆ ಹಂಗಲ್ಲ. ಒಡಲಿನ ಹಾಸಿಗೆ ಸೆರಗಿನ ಹಾಸು ಕೊಂಡಿ ಹಾಕಿ ಜೋಡಿಸಿ ನೇಯೋ ಸೀರೆ ಅದು. ಅದನ್ನ ನೋಡಿ ಬೇರೆ ಮಾಡಾಕ ಬಲ್ಲ ಕಣ್ಣು ಬೇಕು, ಆ ಕಣ್ಣಿಗೆ ಓದಾಕ ಬರೋ ಚೀಟಿ ಬೇಕು.

(5/5)
“ಅಕ್ಷರದಾಗ ಲೆಕ್ಕ ಇಡೋದು ಹಳೇ ಕಾಲದ್ದು” ಅಂದವನಿಗೆ: ಹೌದಪ್ಪ, ಹಳೇದೇ, ನಮ್ಮದೇ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ನಂಬರ್ ಅವುಗಳ ಹೆಸರಿನೊಳಗೇ ಅದಾವ. ಧೀರಶಂಕರಾಭರಣ ತಗೋ. ಕಟಪಯಾದಿ ಲೆಕ್ಕದಾಗ ‘ಧ’ ಅಂದ್ರ 9, ‘ರ’ ಅಂದ್ರ 2, ತಿರುವಿ ಓದಿದ್ರ 29ನೇ ಮೇಳ. ಹಳೇ ಜವಳಿ ಸಾವುಕಾರರೂ ಹತ್ತು ಅಕ್ಷರದ ಒಂದು ಗುಟ್ಟಿನ ಮಾತು ಇಟ್ಕೊಂಡು, ಗಿರಾಕಿ ಎದುರಿಗೇ ಖರೀದಿ ರೇಟು ಚೀಟಿ ಮ್ಯಾಲೆ ಬರೀತಿದ್ರು. ಅವರಿಗೆ ಯಾರೂ ಪ್ರೊಫೆಷನಲ್ ಅಲ್ಲ ಅಂದಿರಲಿಲ್ಲ.

ನನ್ನ ಕೋಡೂ ಪೂರ್ತಿ ಸರಿ ಇಲ್ಲ. ನೂಲು ಹತ್ತಿಯೋ ರೇಷ್ಮೆಯೋ ಅನ್ನೋದನ್ನ ಬಿಟ್ಟೀನಿ, ಅದು ತಪ್ಪು. ಹೊಸ ಕಟ್ಟಿನಿಂದ ಸೇರಿಸ್ತೀವಿ, ಹಳೇ ಚೀಟಿ ಹಂಗೇ ಇರ್ತಾವ. ರೇಷ್ಮೆಗೆ ಯಾವ ಅಕ್ಷರ ಅಂತ ಅವ್ವ ಇನ್ನೂ ಹೇಳಿಲ್ಲ. ರವಿವಾರ ಮಾಲು ಎಣಿಸೋದೈತಿ, ಅವತ್ತು ಕೇಳ್ಬೇಕು.

#ಕೆರೂರ #ಇಳಕಲ್‌ಸೀರೆ #ಅಂಗಡಿಲೆಕ್ಕ