ಮುಳುಗಿದ ಬೋಟು ಅಂದ್ರೆ ಪಿಕ್ನಿಕ್ ಜಾಗಾನಾ?

ನಮ್ಮೂರು ಶಿಗ್ಗಾಂವ. ನಮಗೆ ಗೊತ್ತಿರೋದು ಕೆರೆ ಅಷ್ಟೇ. "ಬಯಲುಸೀಮೆಯವನಿಗೆ ಸಮುದ್ರದ ಉಸಾಬರಿ ಯಾಕೆ" ಅಂತ ಬಯ್ಯೋರು ಮೊದಲೇ ಬಯ್ದುಬಿಡಿ :)

ಹೋದ ವಾರ ನಮ್ಮ ಇಂಗ್ಲೆಂಡ್ ಟೀಮಿನವನೊಬ್ಬ ಫೋಟೋ ಕಳಿಸಿದ್ದ. ಕೊರೆಯೋ ನೀರಿಗಿಳಿದು, ತಳದಲ್ಲಿ ಬಿದ್ದಿರೋ ಹಳೇ ಟ್ರಾಲರ್ ನೋಡಿ ಬಂದಿದ್ದಾನೆ. ನಮ್ಮ ಹುಡುಗರೆಲ್ಲ "ಸೂಪರ್" ಅಂದ್ರು. "ನಮ್ಮ ಕಡೆ ಇಂಥದ್ದಿಲ್ವಾ?" ಅಂದ ಒಬ್ಬ.

ಇದೆ ಕಣೋ. ಸುವರ್ಣ ತ್ರಿಭುಜ.

2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಬೋಟು. ಉಡುಪಿ, ಉತ್ತರ ಕನ್ನಡದ ಏಳು ಮೀನುಗಾರರು. ಎರಡೇ ದಿನಕ್ಕೆ ಸಂಪರ್ಕ ತಪ್ಪಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ನೌಕಾಪಡೆಯ ಐಎನ್ಎಸ್ ನಿರೀಕ್ಷಕ್‌ಗೆ ಅವಶೇಷ ಸಿಕ್ಕಿದ್ದು 2019ರ ಮೇ 1ಕ್ಕೆ, ಮಹಾರಾಷ್ಟ್ರದ ಮಾಲ್ವಣದಿಂದ 33 ಕಿ.ಮೀ. ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ. ನಾಲ್ಕೂವರೆ ತಿಂಗಳು! ಬೋಟು ಸಿಕ್ಕಿತು, ಏಳು ಜನ ಸಿಗಲಿಲ್ಲ.

60 ಮೀಟರ್ ಇಳಿಯೋದು ಹುಡುಗಾಟ ಅಲ್ಲ, ಒಪ್ತೀನಿ. ಮಾಮೂಲಿ ಸ್ಕೂಬಾದ ಮಿತಿ 40 ಮೀಟರ್. 60ರಲ್ಲಿ ಒತ್ತಡ ಮೇಲಿನದರ ಏಳು ಪಟ್ಟು. ಬರೀ ಗಾಳಿ ಉಸಿರಾಡಿದರೆ ಸಾರಜನಕವೇ ಅಮಲೇರಿಸುತ್ತೆ. ಆದರೂ ಹೀಲಿಯಂ ಬೆರೆಸಿದ ಸಿಲಿಂಡರ್ ಹೊತ್ತು ಅಷ್ಟು ಆಳಕ್ಕೆ ಬರೀ ಶೋಕಿಗೆ ಇಳಿಯೋರು ಬ್ರಿಟನ್ನಿನಲ್ಲಿದ್ದಾರೆ. ಅಂದ್ರೆ ಆಳ ನೆಪ ಆಗಬಾರದು.

ಇಳಿಯೋದಕ್ಕಿಂತ ಹುಡುಕೋದೇ ಕಷ್ಟ ಅಂತೀರಾ? ಸರಿ. ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೊಡೋ ಯೋಜನೆಗೆ 2024ರಲ್ಲಿ ಕೇಂದ್ರ ಸರಕಾರ ಚಾಲನೆ ಕೊಟ್ಟಿತು. ಸಂತೋಷ. ಆದರೆ ಅದು ಬೋಟು ಎಲ್ಲಿದೆ ಅಂತ ಹೇಳುತ್ತೆ, ಯಾಕೆ ಮುಳುಗಿತು ಅಂತ ಹೇಳಲ್ಲ. ಬ್ರಿಟನ್ನಿನಲ್ಲಿ ಸಮುದ್ರ ಅಪಘಾತ ತನಿಖೆಗೇ ಎಂಎಐಬಿ ಅಂತ ಸಂಸ್ಥೆ ಇದೆ, 1989ರಿಂದ. ಮೀನುಗಾರರ ಬೋಟು ಮುಳುಗಿದಾಗಲೂ ತನಿಖೆ ಮಾಡಿ, ವರದಿಯನ್ನು ಯಾರು ಬೇಕಾದ್ರೂ ಓದೋ ಹಾಗೆ ಹಾಕುತ್ತೆ. ನಾವು ಅಲ್ಲಿಂದ ಕಲಿಯಬೇಕಾದ್ದು ಡೈವಿಂಗ್ ಶೋಕಿ ಅಲ್ಲ, ಇದನ್ನ. ಬೋಟು ಮುಳುಗಿದರೆ ಇಷ್ಟು ದಿನದೊಳಗೆ ತಳ ಹುಡುಕಬೇಕು, ಕಾರಣ ಬರೆದು ಮನೆಯವರ ಕೈಗೆ ಕನ್ನಡದಲ್ಲೇ ಕೊಡಬೇಕು ಅಂತ ಕಾನೂನು ಬರಲಿ.

ನಮ್ಮೂರಲ್ಲಿ ಯಾರಾದ್ರೂ ಕೆರೆಗೆ ಬಿದ್ದರೆ, ಹೆಣ ಮೇಲೆ ಬರೋವರೆಗೂ ಜನ ದಂಡೆ ಬಿಟ್ಟು ಕದಲೋದಿಲ್ಲ. ಮನೆಯಲ್ಲಿ ಒಲೆ ಹಚ್ಚೋದಿಲ್ಲ. ಕೆರೆಗೆ ಇರೋ ಮರ್ಯಾದೆ ಸಮುದ್ರಕ್ಕೆ ಯಾಕಿಲ್ಲ?

ನೇತ್ರಾಣಿಗೆ ಹೋಗಿ, ಮೀನು ನೋಡಿ, ಫೋಟೋ ಹಾಕಿ, ನಾನೂ ಕಾಮೆಂಟು ಹಾಕ್ತೀನಿ. ಮುಳುಗಿದ ಬೋಟಿನ ಮುಂದೆ ಮಾತ್ರ ಹಲ್ಲು ಕಿರಿದು ನಿಲ್ಲಬೇಡಿ.

ಏನಂತೀರಾ?