ಮಾರ್ಚ್ ಮಂಗಳೂರು: ಪಡುಗಾಳಿಯ ಹೊತ್ತು ನೋಡಿ ಬನ್ನಿ

ಮಂಗಳೂರಿಗೆ ಯಾವಾಗ ಬರಬೇಕು? ಪ್ರವಾಸಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಡಿಸೆಂಬರ್, ಜನವರಿಯ ಬಗ್ಗೆ ತಕರಾರಿಲ್ಲ. ಅಕ್ಟೋಬರ್‌ನ ಸಂಜೆಯ ಗುಡುಗು ಮಳೆಯನ್ನೂ ಸಹಿಸಿಕೊಳ್ಳಬಹುದು. ಆದರೆ ಫೆಬ್ರುವರಿಯ ಕೊನೆ ಮತ್ತು ಮಾರ್ಚ್ ತಿಂಗಳನ್ನು ಅದೇ ಸಾಲಿಗೆ ಸೇರಿಸುವುದು ಬಂದವರಿಗೆ ಮಾಡುವ ಮೋಸ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವುದು ಘಟ್ಟದ ಮೇಲಿನವರ ಮಾತು. ಕರಾವಳಿಯಲ್ಲಿ ಓಡಿಹೋಗಲು ಚಳಿಯೇ ಇರುವುದಿಲ್ಲ, ಆ ಹೊತ್ತಿಗೆ ಬರುವುದು ಸೆಕೆ. 2025ರಲ್ಲಿ ಫೆಬ್ರುವರಿ ಕೊನೆಯ ವಾರ, ಶಿವರಾತ್ರಿಯ ಆಸುಪಾಸಿನಲ್ಲೇ, ಹವಾಮಾನ ಇಲಾಖೆ ಪಶ್ಚಿಮ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಇಲಾಖೆಯ ಪಂಚಾಂಗದಲ್ಲಿ ಫೆಬ್ರುವರಿ ಇನ್ನೂ ಚಳಿಗಾಲ! 2023ರ ಮಾರ್ಚ್ ಆರಂಭದಲ್ಲೂ ಇಂಥದೇ ಎಚ್ಚರಿಕೆ ಬಂದಿತ್ತು. ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನಲು ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಡಿಗ್ರಿ ಸಾಕು, ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು ಅಷ್ಟೆ. ಇಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆಂಗಳೂರಿನ 33 ಡಿಗ್ರಿಯೂ ಮಂಗಳೂರಿನ 33 ಡಿಗ್ರಿಯೂ ಒಂದೇ ಎಂದುಕೊಂಡು ಹೊರಟವರಿಗೆ ಬಸ್ಸಿಳಿದ ಕೂಡಲೇ ಇದು ಗೊತ್ತಾಗುತ್ತದೆ.

ಮೇ ತಿಂಗಳನ್ನು ಬಿಟ್ಟು ಮಾರ್ಚ್‌ನಲ್ಲೇಕೆ ಪಾದರಸ ಹೀಗೆ ಜಿಗಿಯುತ್ತದೆ? ಎಲ್ಲವೂ ಗಾಳಿಯ ಆಟ. ಈ ದಿನಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಮೂಡಣ ಗಾಳಿ ಬೀಸುತ್ತದೆ. ಒಣಗಿದ ಒಳನಾಡಿನಿಂದ ಹೊರಟು ಪಶ್ಚಿಮ ಘಟ್ಟ ದಾಟಿ ಇಳಿಯುವಾಗ ಅದು ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕಾಯುತ್ತದೆ. ಇತ್ತ ನೆಲ ಕಾದು ಕಡಲಿನಿಂದ ಪಡುಗಾಳಿಯನ್ನು ಎಳೆದುಕೊಳ್ಳಬೇಕು. ಮೂಡಣ ಗಾಳಿ ಜೋರಾಗಿದ್ದ ದಿನ ಪಡುಗಾಳಿ ದಡದ ಹೊರಗೇ ನಿಂತುಬಿಡುತ್ತದೆ. ಹನ್ನೊಂದಕ್ಕೆ ಬರಬೇಕಾದದ್ದು ಎರಡು ಗಂಟೆಗೆ ಬಂದರೆ ನಡುವಿನ ಮೂರು ತಾಸು ಊರು ಬೇಯುತ್ತದೆ. ಅದು ಬಂತೆಂದರೆ ಕೆಲವೇ ನಿಮಿಷಗಳಲ್ಲಿ ತೆಂಗಿನ ಗರಿಗಳು ತಿರುಗಿ ನಿಲ್ಲುತ್ತವೆ, ಪಣಂಬೂರಿನಲ್ಲಿ ಬೊಂಡ ಮಾರುವವರು ಕೊಡೆಯ ಕೋಲನ್ನು ಮರಳಿನೊಳಗೆ ಇನ್ನಷ್ಟು ಒತ್ತುತ್ತಾರೆ. ಏಪ್ರಿಲ್, ಮೇಯಲ್ಲಿ ಈ ಗಾಳಿ ಬೇಗ ಬರುವುದರಿಂದ ಪಾದರಸ ಅಷ್ಟು ಏರುವುದಿಲ್ಲ, ಬದಲಿಗೆ ರಾತ್ರಿಯ ನಿದ್ದೆ ಕೆಡುತ್ತದೆ. ಆ ಸುಖದುಃಖ ಬೇರೆಯದೇ.

ಹಾಗಾದರೆ ಮಾರ್ಚ್‌ನಲ್ಲಿ ಬರಲೇಬಾರದೇ? ಬರಬಹುದು. ಕಡಲು ಆಗ ಶಾಂತ, ಮಳೆಯ ಕಾಟವಿಲ್ಲ, ಕಂಬಳ ಮುಗಿಯುವ ಮೊದಲು ಒಂದೆರಡಾದರೂ ಸಿಗುತ್ತವೆ, ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಯವರೆಗೂ ತಿರುಗಾಟದಲ್ಲಿರುತ್ತವೆ. ಪರೀಕ್ಷೆಯ ದಿನಗಳಾದ್ದರಿಂದ ಬೀಚುಗಳಲ್ಲಿ ನೂಕುನುಗ್ಗಲೂ ಕಡಿಮೆ. (ಸರ್ಫಿಂಗ್‌ಗೆ ದೊಡ್ಡ ಅಲೆ ಬೇಕೆನ್ನುವವರು ಮೇ ಕೊನೆಯವರೆಗೆ ಕಾಯಲಿ.)

ತೊಂದರೆ ಇರುವುದು ದಿನಚರಿಯಲ್ಲಿ. ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು ಆರೇಳು ಗಂಟೆಗೆ ಊರು ಮುಟ್ಟುತ್ತದೆ. ಅನೇಕ ಲಾಡ್ಜ್‌ಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಹೀಗಾಗಿ ದಿನದ ಅತ್ಯುತ್ತಮ ಹೊತ್ತು ರಿಸೆಪ್ಷನ್ ಸೋಫಾದ ಮೇಲೆ ಬ್ಯಾಗು ಕಾಯುವುದರಲ್ಲಿ ಕಳೆದು, ಊಟ ಮಾಡಿ, ಉರಿಬಿಸಿಲಿಗೆ ಸರಿಯಾಗಿ ತಣ್ಣೀರುಬಾವಿಗೆ ಹೊರಡುತ್ತಾರೆ. ಮಕ್ಕಳಿಗೆ ತಲೆನೋವು, ಹಿರಿಯರಿಗೆ ತಲೆಸುತ್ತು, ಊರಿಗೆ ಕೆಟ್ಟ ಹೆಸರು.

ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಬ್ಯಾಗು ಇಟ್ಟುಕೊಂಡು, ಮೈ ತೊಳೆಯಲು ಜಾಗ ಕೊಟ್ಟರೆ ಲಾಡ್ಜಿನವರು ಕಳೆದುಕೊಳ್ಳುವುದೇನೂ ಇಲ್ಲ. ಬೀಚುಗಳಲ್ಲಿ ನೆರಳೂ ಕುಡಿಯುವ ನೀರೂ ಇರಲಿ. ಪ್ರವಾಸೋದ್ಯಮ ಇಲಾಖೆ ತನ್ನ ಪ್ರಚಾರದಲ್ಲಿ ಮಾರ್ಚ್ ತಿಂಗಳನ್ನು ಬೇರೆಯಾಗಿ ಬರೆಯಲಿ: ಒಂಬತ್ತೂವರೆಯೊಳಗೆ ಕಡಲು, ಹನ್ನೊಂದರಿಂದ ಮೂರರವರೆಗೆ ನೆರಳು, ನಾಲ್ಕರ ನಂತರ ಮತ್ತೆ ಕಡಲು. ಅದಾಗುವವರೆಗೆ ಬರುವವರು ಬಸ್ಸಿಳಿದವರೇ ನೇರ ದಡಕ್ಕೆ ಹೋಗಿ, ರೂಮಿನ ಚಿಂತೆ ಆಮೇಲಿರಲಿ.